ದೂರಪ್ರಯಾಣಕ್ಕೆ ಮೋಟಾರು ಸೈಕಲಿನ ಸಿದ್ಧತೆ

ಧಾರವಾಡ-ಹಾವೇರಿ ಸೀಮೆಯ ಒಕ್ಕಲು ಮನೆತನಗಳಲ್ಲಿ ದೂರದ ಪಯಣವೆಂದರೆ ಒಂದು ಕಾಲಕ್ಕೆ ಚಕ್ಕಡಿಯ ಪಯಣವೇ ಆಗಿದ್ದಿತು. ಮಾಘ ಮಾಸದಲ್ಲಿ ಉಳವಿಯ ಚನ್ನಬಸವೇಶ್ವರ ಜಾತ್ರೆಗೆ ಹೋಗುವವರು ಹೊರಡುವ ದಿನ ಬೆಳಗ್ಗೆ ಎದ್ದು ಎತ್ತು ಹೂಡುತ್ತಿರಲಿಲ್ಲ. ಎಷ್ಟೋ ದಿನ ಮೊದಲೇ ಎತ್ತುಗಳ ಕಾಲಿಗೆ ನಾಲು ಕಟ್ಟಿಸಿ, ಅವು ಹೊಸ ನಾಲಿಗೆ ಒಗ್ಗಿದವೆ ಎಂದು ಹೊಲದ ದಾರಿಯಲ್ಲಿ ನಡೆಸಿ ನೋಡುತ್ತಿದ್ದರು. ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಗಾಲಿಯ ಹಳಿ ಸಡಿಲಾಗಿದೆಯೆ ಎಂದು ಬಡಿದು ನೋಡುತ್ತಿದ್ದರು. ಕಡೆಗೀಲು ಸವೆದಿದ್ದರೆ ಕಮ್ಮಾರನಲ್ಲಿ ಹೊಸದನ್ನು ಮಾಡಿಸುತ್ತಿದ್ದರು. ಅಷ್ಟು ಸಣ್ಣ ಕೀಲು ಕಳಚಿದರೆ ಅಷ್ಟು ದೊಡ್ಡ ಗಾಲಿಯೇ ಕಳಚುವುದೆಂಬುದನ್ನು ಅವರಾರೂ ಪುಸ್ತಕ ಓದಿ ಕಲಿತವರಲ್ಲ.

ಇಂದಿಗೂ ಉಳವಿಗೆ ಚಕ್ಕಡಿಗಳು ಹೋಗುತ್ತವೆ. ಆದರೆ ಕಾಗಿನೆಲೆ, ಬ್ಯಾಡಗಿ, ರಾಣೆಬೆನ್ನೂರುಗಳ ಸುತ್ತಿನ ಹಳ್ಳಿಗಳಲ್ಲಿ ಎತ್ತಿನ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿರುವುದು ಮೋಟಾರು ಸೈಕಲು. ಹಿರಿಯರ ಬಾಯಲ್ಲಿ ‘ಫಟಫಟಿ’ ಎಂದೂ ಕಿರಿಯರ ಬಾಯಲ್ಲಿ ಬರಿದೆ ‘ಗಾಡಿ’ ಎಂದೂ ಕರೆಯಿಸಿಕೊಳ್ಳುವ ಈ ಯಂತ್ರ ಬೆಳಗ್ಗೆ ಡೇರಿಗೆ ಹಾಲಿನ ಕ್ಯಾನು ಹೊರುತ್ತದೆ, ಮಧ್ಯಾಹ್ನ ಗೊಬ್ಬರದ ಚೀಲ ಹೊರುತ್ತದೆ, ಸುಗ್ಗಿಯಲ್ಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ರೈತನನ್ನು ಮುಟ್ಟಿಸುತ್ತದೆ. ವಾರದ ಆರು ದಿನ ದುಡಿದ ಇದೇ ಯಂತ್ರದ ಮೇಲೆ ರಜೆ ಬಂದೊಡನೆ ಉಡುಪಿಗೋ ಕನ್ಯಾಕುಮಾರಿಗೋ ಹಿಮಾಲಯಕ್ಕೋ ಹೊರಟು ನಿಲ್ಲುವ ತರುಣರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಶಾಲೆ ಬಿಟ್ಟು ಹೋದ ಹಳೆಯ ವಿದ್ಯಾರ್ಥಿಗಳಲ್ಲಿಯೂ ಇಂಥವರು ಅನೇಕರಿದ್ದಾರೆ. ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಚಕ್ಕಡಿಗೆ ಅಜ್ಜ ಮಾಡುತ್ತಿದ್ದ ಸಿದ್ಧತೆಯ ಕಾಲು ಭಾಗವನ್ನೂ ಮೊಮ್ಮಗ ತನ್ನ ಗಾಡಿಗೆ ಮಾಡುವುದಿಲ್ಲವೆಂಬುದು ಯಾವ ಗ್ಯಾರೇಜಿನ ಮುಂದೆ ನಿಂತರೂ ಕಾಣುವ ಸಂಗತಿ.

ಹಳೆಯ ಗಾಡಿ, ಹೊಸ ಗಾಡಿ

ಕನ್ನಡ ನಾಡಿನ ಮೋಟಾರು ಸೈಕಲಿನ ಇತಿಹಾಸದಲ್ಲಿ ಮೈಸೂರಿಗೆ ವಿಶೇಷ ಸ್ಥಾನವುಂಟು. ಚೆಕೊಸ್ಲೊವಾಕಿಯಾದಲ್ಲಿ 1929ರಲ್ಲಿ ಫ್ರಾಂಟಿಷೆಕ್ ಯಾನೆಚೆಕ್ ಎಂಬ ಉದ್ಯಮಿ ‘ವಾಂಡರರ್’ ಎಂಬ ಜರ್ಮನ್ ಮೋಟಾರು ಸೈಕಲಿನ ತಯಾರಿಕೆಯ ಹಕ್ಕನ್ನು ಕೊಂಡು, ತನ್ನ ಹೆಸರಿನ ಮೊದಲೆರಡು ಅಕ್ಷರಗಳಿಗೆ ಅದರ ಮೊದಲೆರಡು ಅಕ್ಷರಗಳನ್ನು ಕೂಡಿಸಿ ‘ಜಾವಾ’ ಎಂಬ ಹೆಸರನ್ನಿಟ್ಟನು. ಆ ಜಾವಾ 1961ರಿಂದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಮುಂದೆ ‘ಯೆಜ್ಡಿ’ ಎಂಬ ಹೆಸರು ಪಡೆಯಿತು. 1978ರಲ್ಲಿ ‘ರೋಡ್‌ಕಿಂಗ್’ ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಬೇರೊಂದು ಸಂಸ್ಥೆಯ ಮೂಲಕ ಮರಳಿ ಮಾರುಕಟ್ಟೆಗೆ ಬಂದವಾದರೂ ಅವು ಹೊಸ ಕಾಲದ ನಾಲ್ಕು ಹೊಡೆತದ ಇಂಜಿನ್ನುಗಳು. ಮೈಸೂರಿನ ಹಳೆಯ ಗಾಡಿಗಳು ಎರಡು ಹೊಡೆತದವು, ಎರಡು ಸೈಲೆನ್ಸರಿನವು. ಗೇರು ಹಾಕುವ ಕಾಲುಪಟ್ಟಿಯನ್ನೇ ಮೇಲೆತ್ತಿ ಕಿಕ್ ಹೊಡೆಯುವ ಅವುಗಳ ಚಮತ್ಕಾರವನ್ನು ಹಳಬರು ಇಂದಿಗೂ ಕೌತುಕದಿಂದ ವರ್ಣಿಸುತ್ತಾರೆ.

ಈ ಯಂತ್ರಗಳು ತಮ್ಮ ಸವಾರನನ್ನು ಶಿಕ್ಷಿತನನ್ನಾಗಿ ಮಾಡುತ್ತಿದ್ದವು. ಎರಡು ಹೊಡೆತದ ಇಂಜಿನ್ನಿಗೆ ಪ್ರತ್ಯೇಕ ಎಣ್ಣೆಯ ತೊಟ್ಟಿ ಇರಲಿಲ್ಲವಾಗಿ ಪೆಟ್ರೋಲಿನೊಡನೆಯೇ ಲೀಟರಿಗೆ 40 ಮಿಲಿಲೀಟರಿನ ಆಸುಪಾಸಿನಲ್ಲಿ ಎಣ್ಣೆ ಬೆರೆಸಬೇಕಾಗಿತ್ತು. ಕಡಿಮೆಯಾದರೆ ಪಿಸ್ಟನ್ ಕಚ್ಚಿಕೊಳ್ಳುವುದು. ಹೆಚ್ಚಾದರೆ ಪ್ಲಗ್ಗು ಮಸಿಗಟ್ಟಿ ಗಾಡಿ ನಿಲ್ಲುವುದು. ಆದ್ದರಿಂದ ಸವಾರನ ಕಿಸೆಯಲ್ಲಿ ಇನ್ನೊಂದು ಪ್ಲಗ್ಗು, ಸೀಟಿನ ಕೆಳಗೆ ಒಂದು ಪಾನಾ, ಪ್ಲಗ್ಗು ಉಜ್ಜಲು ಉಸುಕು ಕಾಗದ ಇದ್ದೇ ಇರುತ್ತಿದ್ದವು. ಸೈಲೆನ್ಸರಿನೊಳಗೆ ಕಟ್ಟಿದ ಮಸಿಯನ್ನು ಕಾಲಕಾಲಕ್ಕೆ ಸುಟ್ಟು ತೆಗೆಯುವುದು ಮನೆಯ ಹಿತ್ತಿಲಿನ ಕೆಲಸವಾಗಿತ್ತು. ಹೀಗೆ ತನ್ನ ಕೈಯಿಂದ ಬಿಚ್ಚಿ ಕಟ್ಟಿದ ಗಾಡಿಯ ಸದ್ದಿನಲ್ಲಿ ಕೊಂಚ ವ್ಯತ್ಯಾಸವಾದರೂ ಸವಾರನ ಕಿವಿಗೆ ಅದು ತಿಳಿಯುತ್ತಿದ್ದಿತು.

1985ರಲ್ಲಿ ನಾಲ್ಕು ಹೊಡೆತದ ಹೀರೋ ಹೋಂಡಾ ಸಿ.ಡಿ. 100 ಬಂದಿತು. ಪೆಟ್ರೋಲು ತುಂಬಿ, ಮುಚ್ಚಳ ಮುಚ್ಚಿ, ಮರೆತುಬಿಡಿ ಎಂಬರ್ಥದ ಅದರ ಜಾಹೀರಾತು ದೇಶದಲ್ಲೆಲ್ಲ ಪ್ರಸಿದ್ಧವಾಯಿತು. ಹೊಗಳಿದ್ದು ಸುಳ್ಳೇನೂ ಅಲ್ಲ. ಗಾಡಿ ನಿಜಕ್ಕೂ ಕಡಿಮೆ ಎಣ್ಣೆ ಕುಡಿದು ಹೆಚ್ಚು ದೂರ ಓಡಿತು. ಆದರೆ ಮರೆಯುವ ಅಭ್ಯಾಸ ಮಾತ್ರ ಪೆಟ್ರೋಲಿನ ಮುಚ್ಚಳಕ್ಕಷ್ಟೇ ನಿಲ್ಲದೆ ಚೈನು, ಟಾಯರು, ಬ್ರೇಕುಗಳಿಗೂ ಹಬ್ಬಿತು. 2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 6 ಮಾನದಂಡ ಜಾರಿಗೆ ಬಂದ ಬಳಿಕ ಹೊಸ ಗಾಡಿಗಳಲ್ಲಿ ಕಾರ್ಬುರೇಟರು ಬಹುತೇಕ ಮಾಯವಾಗಿ ಇಂಧನವನ್ನು ವಿದ್ಯುನ್ಮಾನದ ಲೆಕ್ಕದಿಂದ ಸಿಂಪಡಿಸುವ ವ್ಯವಸ್ಥೆ ಬಂದಿತು. ಇದು ಕೆಡುವುದು ವಿರಳ. ಆದರೆ ಕೆಟ್ಟರೆ ರಸ್ತೆಯ ಬದಿಯಲ್ಲಿ ಪಾನಾ ಹಿಡಿದು ಸರಿಪಡಿಸುವಂತಿಲ್ಲ.

ಇಲ್ಲಿಯೇ ಸಿದ್ಧತೆಯ ಅರ್ಥ ಬದಲಾಗುವುದು. ಹಿಂದೆ ಸಿದ್ಧತೆಯೆಂದರೆ ದಾರಿಯಲ್ಲಿ ರಿಪೇರಿ ಮಾಡುವ ಸಾಮರ್ಥ್ಯವನ್ನು ಕಟ್ಟಿಕೊಂಡು ಹೊರಡುವುದು. ಈಗ ಸಿದ್ಧತೆಯೆಂದರೆ ಮನೆಯಲ್ಲಿಯೇ, ಸಾಕಷ್ಟು ಮುಂಚಿತವಾಗಿ, ಗಾಡಿಯ ಸ್ಥಿತಿಯನ್ನು ಅರಿಯುವುದು. ಇಂಜಿನ್ನು ಇಂದು ನಂಬಿಕೆಗೆ ಅರ್ಹವಾಗಿದೆ. ಪ್ರಯಾಣವನ್ನು ಕೆಡಿಸುವುದೂ ಕೆಲವೊಮ್ಮೆ ಪ್ರಾಣಕ್ಕೆ ಎರವಾಗುವುದೂ ಗಾಳಿ ಇಳಿದ ಟಾಯರು, ಜೋತುಬಿದ್ದ ಚೈನು, ಸವೆದ ಬ್ರೇಕು, ಬಿಗಿಯದ ನಟ್ಟು. ಹೊಸ ಯಂತ್ರದ ಕಡೆಗೀಲುಗಳು ಇವು.

ಹದಿನೈದು ದಿನಗಳ ಅಂತರ

ಹೊರಡುವ ಹಿಂದಿನ ದಿನ ಸಂಜೆ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟು ‘ಎಲ್ಲ ನೋಡಿಬಿಡು’ ಎಂದು ಹೇಳಿ ಬರುವುದು ಎಲ್ಲೆಡೆ ಕಾಣುವ ಪದ್ಧತಿ. ಇದಕ್ಕಿಂತ ಅಪಾಯಕರವಾದ ಸಿದ್ಧತೆ ಬೇರೊಂದಿಲ್ಲ. ಹೊಸದಾಗಿ ಕೂಡಿಸಿದ ಪ್ರತಿಯೊಂದು ಭಾಗಕ್ಕೂ ಒಗ್ಗುವ ಕಾಲ ಬೇಕು. ಹೊಸ ಟಾಯರಿನ ಮೇಲ್ಮೈ ನುಣುಪಾಗಿರುವುದರಿಂದ ಮೊದಲ ನೂರು ನೂರೈವತ್ತು ಕಿಲೋಮೀಟರು ಅದು ರಸ್ತೆಯನ್ನು ಪೂರ್ಣವಾಗಿ ಕಚ್ಚಿ ಹಿಡಿಯುವುದಿಲ್ಲ. ಹೊಸ ಬ್ರೇಕ್ ಪ್ಯಾಡು ತಟ್ಟೆಯೊಡನೆ ಹೊಂದಿಕೊಳ್ಳುವವರೆಗೆ ಪೂರ್ಣ ಹಿಡಿತ ಕೊಡುವುದಿಲ್ಲ. ಹೊಸ ಕ್ಲಚ್ ಕೇಬಲು ಮೊದಲ ಕೆಲವು ದಿನ ಹಿಗ್ಗಿ ಸಡಿಲಾಗುತ್ತದೆ. ಮಿಸ್ತ್ರಿ ಅವಸರದಲ್ಲಿ ಅರ್ಧ ಬಿಗಿದ ಎಣ್ಣೆಯ ಬೋಲ್ಟು ಮೊದಲ ನೂರು ಕಿಲೋಮೀಟರಿನೊಳಗೆ ಹನಿ ಹಾಕತೊಡಗುತ್ತದೆ. ಆ ನೂರು ಕಿಲೋಮೀಟರು ಮನೆಯ ಸುತ್ತಮುತ್ತ ಕಳೆದರೆ ಲೇಸು, ಘಟ್ಟದ ನಡುವೆ ಕಳೆಯುವುದು ಲೇಸಲ್ಲ. ಆದುದರಿಂದ ದೊಡ್ಡ ಕೆಲಸಗಳೆಲ್ಲ ಪ್ರಯಾಣಕ್ಕೆ ಹದಿನೈದು ದಿನ ಮೊದಲೇ ಮುಗಿದು, ಆಮೇಲೆ ಗಾಡಿ ಮುನ್ನೂರರಿಂದ ಐನೂರು ಕಿಲೋಮೀಟರು ದಿನನಿತ್ಯದ ಕೆಲಸದಲ್ಲಿ ಓಡಿರಬೇಕು. ಎತ್ತಿನ ನಾಲಿಗೆ ಅಜ್ಜ ಕೊಡುತ್ತಿದ್ದ ಕಾಲಾವಕಾಶವೇ ಇದು.

ಗಾಲಿ ಮತ್ತು ಗಾಳಿ

ಗಾಡಿಗೂ ಭೂಮಿಗೂ ಇರುವ ಸಂಬಂಧವೆಲ್ಲ ಅಂಗೈ ಅಗಲದ ಎರಡು ರಬ್ಬರಿನ ತುಂಡುಗಳ ಮೂಲಕ. ಟಾಯರಿನ ಸೀಳುಗಳ ತಳದಲ್ಲಿ ಅಲ್ಲಲ್ಲಿ ಚಿಕ್ಕ ಉಬ್ಬುಗಳಿರುತ್ತವೆ. ಮೇಲ್ಮೈ ಸವೆದು ಆ ಉಬ್ಬುಗಳ ಮಟ್ಟಕ್ಕೆ ಬಂದರೆ ಟಾಯರಿನ ಆಯುಷ್ಯ ಮುಗಿಯಿತೆಂದೇ ತಿಳಿಯಬೇಕು. ಸವೆಯದಿದ್ದರೂ ಹಳೆಯದಾದ ರಬ್ಬರು ಗಡುಸಾಗಿ ಸಣ್ಣ ಬಿರುಕು ಬಿಡುತ್ತದೆ. ಟಾಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಮುದ್ರೆಯೊಂದಿದೆ. ಅದರ ಮೊದಲೆರಡು ಅಂಕಿಗಳು ತಯಾರಾದ ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ. ‘2319’ ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದು. ಹೊಸ ಟಾಯರು ಕೊಳ್ಳುವಾಗಲೂ ಈ ಮುದ್ರೆಯನ್ನು ಓದುವುದು ಜಾಣತನ.

ಗಾಳಿಯ ವಿಷಯದಲ್ಲಿ ಸವಾರರ ಅಜ್ಞಾನ ಹೆಚ್ಚು. ಎಷ್ಟು ಗಾಳಿ ಬೇಕೆಂಬುದನ್ನು ತಯಾರಕರೇ ಗಾಡಿಯ ಮೇಲಿನ ಚೀಟಿಯಲ್ಲಿಯೂ ಕೈಪಿಡಿಯಲ್ಲಿಯೂ ಮುದ್ರಿಸಿರುತ್ತಾರೆ. ಒಬ್ಬನೇ ಹೋಗುವಾಗ ಒಂದು ಪ್ರಮಾಣ, ಹಿಂದೆ ಇನ್ನೊಬ್ಬರಿದ್ದಾಗ ಹಿಂದಿನ ಗಾಲಿಗೆ ಹೆಚ್ಚಿನ ಪ್ರಮಾಣ. ಅನೇಕ 150 ಸಿ.ಸಿ. ಗಾಡಿಗಳಲ್ಲಿ ಮುಂದಿನದಕ್ಕೆ 25, ಹಿಂದಿನದಕ್ಕೆ 28 ಪೌಂಡುಗಳ ಒತ್ತಡವಿದ್ದು, ಜೊತೆಗೊಬ್ಬರಿದ್ದಾಗ ಹಿಂದಿನದನ್ನು ಮೂವತ್ತು ದಾಟಿಸುವುದುಂಟು. ಆದರೆ ಈ ಲೆಕ್ಕವೆಲ್ಲ ತಣ್ಣಗಿರುವ ಟಾಯರಿನದು. ವಿಜ್ಞಾನದ ಉಪಾಧ್ಯಾಯರು ಅನಿಲ ನಿಯಮವನ್ನು ಕಲಿಸುವಾಗ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಬೆಳಗಿನ 30 ಡಿಗ್ರಿಯಲ್ಲಿ 28 ಪೌಂಡು ತೋರಿಸಿದ ಟಾಯರು ಮಧ್ಯಾಹ್ನ ಹೆದ್ದಾರಿಯಲ್ಲಿ ಓಡಿ 60 ಡಿಗ್ರಿಗೆ ಬಿಸಿಯಾದಾಗ ಸುಮಾರು 32 ತೋರಿಸುತ್ತದೆ. ಇದನ್ನು ಕಂಡು ಗಾಬರಿಯಾಗಿ ಗಾಳಿ ಬಿಡುವವರಿದ್ದಾರೆ. ಹಾಗೆ ಬಿಟ್ಟರೆ ಮರುದಿನ ಬೆಳಗ್ಗೆ ಟಾಯರು ಬಡವಾಗಿರುತ್ತದೆ. ಗಾಳಿ ಕಡಿಮೆಯಾದ ಟಾಯರು ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚುವುದರಿಂದ ಒಳಗೆ ಶಾಖ ಹುಟ್ಟುತ್ತದೆ. ಹೊರೆ ಹೊತ್ತು ವೇಗವಾಗಿ ಓಡುವಾಗ ಟಾಯರು ಸಿಡಿಯುವುದಕ್ಕೆ ಗಾಳಿ ಹೆಚ್ಚಾದುದಕ್ಕಿಂತ ಕಡಿಮೆಯಾದುದೇ ಹೆಚ್ಚಾಗಿ ಕಾರಣ.

ಕಡ್ಡಿಗಾಲಿಯ ಗಾಡಿಗಳಲ್ಲಿ ಸಾಮಾನ್ಯವಾಗಿ ಟ್ಯೂಬು ಇರುತ್ತದೆ. ಅಂಥವರು ಮುಂದಿನದೊಂದು, ಹಿಂದಿನದೊಂದು ಟ್ಯೂಬನ್ನು ಒಯ್ಯಬೇಕು. ಊರ ಬಳಿಯ ಪಂಕ್ಚರ್ ಅಂಗಡಿಯಲ್ಲಿ ಒಮ್ಮೆ ತಾವೇ ಗಾಲಿ ಬಿಚ್ಚಿ ಹಾಕಿ ಕಲಿತಿರಬೇಕು. ಕಡ್ಡಿಗಳನ್ನು ಒಂದೊಂದಾಗಿ ಪಾನಾದಿಂದ ಮೆಲ್ಲಗೆ ತಟ್ಟಿದರೆ ಬಿಗಿಯಾದುದು ಗಣಗಣ ನಾದ ಕೊಡುತ್ತದೆ, ಸಡಿಲಾದುದು ಮಂಕಾಗಿ ನುಡಿಯುತ್ತದೆ. ಟ್ಯೂಬಿಲ್ಲದ ಟಾಯರಿನವರಿಗೆ ಕೆಲಸ ಹಗುರ: ಮೊಳೆ ಕಿತ್ತು ರಬ್ಬರಿನ ಬತ್ತಿ ತುರುಕುವ ಸಾಧನ ಮತ್ತು ಸಣ್ಣ ಪಂಪು ಸಾಕು.

ಚೈನು

ಮೈಸೂರಿನ ಜಾವಾ-ಯೆಜ್ಡಿಗಳ ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗೆ ಇದ್ದಿತು. ಇಂದು ಅನೇಕ ಗಾಡಿಗಳಲ್ಲಿ, ವಿಶೇಷವಾಗಿ ತರುಣರು ಮೆಚ್ಚುವವುಗಳಲ್ಲಿ, ಚೈನು ಬಯಲಿಗೆ ತೆರೆದಿದೆ. ದೂಳು, ಎರೆಮಣ್ಣು, ಮಳೆಯ ನೀರು ಎಲ್ಲವೂ ಅದರ ಪಾಲಿಗೆ. ಚೈನನ್ನು ಸೀಮೆಎಣ್ಣೆ ಅಥವಾ ಡೀಸೆಲಿನಿಂದ ಒರೆಸಬೇಕೇ ಹೊರತು ಪೆಟ್ರೋಲಿನಿಂದಲ್ಲ. ಚೈನಿನ ಕೊಂಡಿಗಳೊಳಗಿನ ರಬ್ಬರಿನ ಬಳೆಗಳನ್ನು ಪೆಟ್ರೋಲು ತಿಂದುಹಾಕುತ್ತದೆ. ಒರೆಸಿದ ಮೇಲೆ 90ರ ಗೇರು ಎಣ್ಣೆಯನ್ನೋ ಚೈನಿಗೆಂದೇ ಮಾಡಿದ ಎಣ್ಣೆಯನ್ನೋ ಹಚ್ಚಬೇಕು. ಹಚ್ಚುವ ಹೊತ್ತು ಮುಖ್ಯ. ಬೆಳಗ್ಗೆ ಹೊರಡುವ ಮುನ್ನ ಹಚ್ಚಿದ ಎಣ್ಣೆ ಹತ್ತು ಕಿಲೋಮೀಟರಿನೊಳಗೆ ಹಿಂದಿನ ಟಾಯರಿಗೆ ಸಿಡಿದು ಜಾರುವಂತೆ ಮಾಡುತ್ತದೆ. ಸಂಜೆ ತಂಗುವ ಊರಿಗೆ ಬಂದೊಡನೆ, ಚೈನು ಇನ್ನೂ ಬೆಚ್ಚಗಿರುವಾಗ ಹಚ್ಚಿದರೆ ರಾತ್ರಿಯೆಲ್ಲ ಅದು ಒಳಗಿಳಿಯುತ್ತದೆ. ಐನೂರು ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ಓಡಿದ್ದರೆ ಅಂದೇ.

ಚೈನಿನ ಸಡಿಲು ನಡುಭಾಗದಲ್ಲಿ ಮೇಲೆ ಕೆಳಗೆ ಸೇರಿ ಸಾಮಾನ್ಯವಾಗಿ 25-30 ಮಿಲಿಮೀಟರು. ಆಯಾ ಗಾಡಿಯ ಕೈಪಿಡಿಯ ಮಾತೇ ಅಂತಿಮ. ಚೈನು ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲವಾದ್ದರಿಂದ ಗಾಲಿಯನ್ನು ತಿರುಗಿಸುತ್ತ ಅತ್ಯಂತ ಬಿಗಿಯಾದ ಸ್ಥಳವನ್ನು ಕಂಡುಕೊಂಡು ಅಲ್ಲಿ ಅಳೆಯಬೇಕು. ಸಡಿಲು ಚೈನು ಸದ್ದು ಮಾಡಿ ಎಚ್ಚರಿಸುತ್ತದೆ. ಬಿಗಿಯಾದ ಚೈನು ಮೌನವಾಗಿ ಬೇರಿಂಗುಗಳನ್ನು ಕೊಲ್ಲುತ್ತದೆ. ಹೊರೆ ಹಾಕಿದಾಗ ಹಿಂಗಾಲಿ ಇಳಿದು ಚೈನು ಇನ್ನಷ್ಟು ಬಿಗಿಯುವುದರಿಂದ, ಅಳತೆಯನ್ನು ಸರಿಪಡಿಸಿದ ಮೇಲೆ ಇಬ್ಬರನ್ನು ಕೂರಿಸಿ ಮತ್ತೊಮ್ಮೆ ನೋಡಬೇಕು. ಸ್ಪ್ರಾಕೆಟ್ಟಿನ ಹಲ್ಲುಗಳು ಕೊಕ್ಕೆಯಂತೆ ಒಂದೇ ಕಡೆ ಬಾಗಿದ್ದರೆ ಚೈನು ಮತ್ತು ಎರಡೂ ಸ್ಪ್ರಾಕೆಟ್ಟುಗಳನ್ನು ಒಟ್ಟಿಗೆ ಬದಲಿಸುವುದೊಂದೇ ದಾರಿ. ಹಳೆಯ ಹಲ್ಲಿಗೆ ಹೊಸ ಚೈನು ಹಾಕುವ ಮಿತವ್ಯಯ ಹೆಚ್ಚು ದಿನ ಬಾಳುವುದಿಲ್ಲ.

ಚೈನು ಬಿಗಿಯಲು ಹಿಂಗಾಲಿಯ ಅಚ್ಚಿನ ನಟ್ಟನ್ನು ಸಡಿಲಿಸಲೇಬೇಕು. ಮತ್ತೆ ಬಿಗಿದ ಮೇಲೆ ಅನೇಕ ಗಾಡಿಗಳಲ್ಲಿ ಆ ನಟ್ಟಿನ ತೂತಿನೊಳಗೆ ಕಾಟರ್ ಪಿನ್ನು ಎಂಬ ತಂತಿಯ ಕೀಲನ್ನು ಹಾಕಿ ತುದಿ ಮಡಚುತ್ತಾರೆ. ಕೆಲವೇ ರೂಪಾಯಿಯ ಈ ತಂತಿ ಬಿದ್ದುಹೋದುದನ್ನು ತಿಂಗಳುಗಟ್ಟಲೆ ಯಾರೂ ಗಮನಿಸುವುದಿಲ್ಲ. ಚಕ್ಕಡಿಯಲ್ಲಿ ಕಡೆಗೀಲು ಮಾಡುತ್ತಿದ್ದ ಕೆಲಸವನ್ನೇ ಮೋಟಾರು ಸೈಕಲಿನಲ್ಲಿ ಇದು ಮಾಡುತ್ತಿದೆ.

ಬ್ರೇಕು, ಮತ್ತು ಆಗುಂಬೆಯ ಇಳಿಜಾರು

ಕಾಗಿನೆಲೆಯ ಹೆಸರಿನೊಡನೆ ಉಡುಪಿಯ ಹೆಸರು ನೆನಪಾಗುವುದು ಸಹಜ. ಕನಕದಾಸರು ನಡೆದು ಹೋದರೆಂದು ಜನ ನಂಬುವ ಆ ಉಡುಪಿಗೆ ಇಂದಿನ ಸವಾರನು ಹಿರೇಕೆರೂರು, ಶಿರಾಳಕೊಪ್ಪ, ಶಿಕಾರಿಪುರ, ಶಿವಮೊಗ್ಗ, ತೀರ್ಥಹಳ್ಳಿ, ಆಗುಂಬೆ, ಹೆಬ್ರಿಗಳ ಮೂಲಕ ಒಂದೇ ದಿನದಲ್ಲಿ ಮುಟ್ಟಬಹುದು. ಸ್ವಲ್ಪ ಸುತ್ತು ಹಾಕುವ ಮನಸ್ಸಿದ್ದರೆ ಶಿರಾಳಕೊಪ್ಪದ ಬಳಿಯ ಬಳ್ಳಿಗಾವಿ, ಉಡುತಡಿಗಳನ್ನೂ ನೋಡಬಹುದು. ಗಾಡಿಯನ್ನು ಪರೀಕ್ಷಿಸಲು ಇಷ್ಟು ಬಗೆಯ ನೆಲ ಇಷ್ಟು ಹತ್ತಿರದಲ್ಲಿ ಸಿಗುವುದು ದುರ್ಲಭ. ಬಯಲುಸೀಮೆಯ ಅಂಚು, ಅರೆಮಲೆನಾಡು, ದಟ್ಟ ಮಲೆನಾಡು, ಘಟ್ಟ, ಕರಾವಳಿಯ ಉಪ್ಪುಗಾಳಿ, ಎಲ್ಲವೂ ಒಂದೇ ದಾರಿಯಲ್ಲಿ.

ಆಗುಂಬೆಯ ಘಟ್ಟದಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಘಟ್ಟದ ಮೇಲಿನಿಂದ ಬುಡಕ್ಕೆ ಸುಮಾರು 500 ಮೀಟರು ಇಳಿಯಬೇಕು. ಗಾಡಿ, ಇಬ್ಬರು ಸವಾರರು, ಚೀಲಗಳು ಸೇರಿ 250 ಕಿಲೋಗ್ರಾಂ ಎಂದು ಹಿಡಿದರೆ, ಆ ಎತ್ತರದಿಂದ ಇಳಿಯುವಾಗ ಕಳೆಯಬೇಕಾದ ಶಕ್ತಿ ಹನ್ನೆರಡು ಲಕ್ಷ ಜೂಲ್‌ಗಳಿಗೂ ಮಿಗಿಲು. ಇದನ್ನೆಲ್ಲ ಬ್ರೇಕೇ ಹೀರಿಕೊಂಡಿತೆಂದರೆ, ನಾಲ್ಕು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಾಖ ಆ ಸಣ್ಣ ತಟ್ಟೆ ಮತ್ತು ಡ್ರಮ್ಮುಗಳಲ್ಲಿ ಹುಟ್ಟಿತು ಎಂದರ್ಥ. ಪ್ರೌಢಶಾಲೆಯ ವಿದ್ಯಾರ್ಥಿ ಕಪ್ಪು ಹಲಗೆಯ ಮೇಲೆ ಐದು ನಿಮಿಷದಲ್ಲಿ ಮಾಡಬಹುದಾದ ಲೆಕ್ಕವಿದು. ಇದನ್ನು ಒಮ್ಮೆ ಮಾಡಿದ ಹುಡುಗ ಕ್ಲಚ್ಚು ಹಿಡಿದು, ಇಂಜಿನ್ನು ಬಂದು ಮಾಡಿ, ಪೆಟ್ರೋಲು ಉಳಿಸುವ ನೆಪದಿಂದ ಘಟ್ಟ ಇಳಿಯಲಾರನು. ಯಾವ ಗೇರಿನಲ್ಲಿ ಹತ್ತಬೇಕಾಗುವುದೋ ಅದೇ ಗೇರಿನಲ್ಲಿ ಇಳಿದರೆ ಶಾಖದ ಬಹುಪಾಲನ್ನು ಇಂಜಿನ್ನು ಹೊರುತ್ತದೆ.

ತಟ್ಟೆಯ ಬ್ರೇಕುಗಳಲ್ಲಿ ಒತ್ತಡವನ್ನು ಒಯ್ಯುವುದು ಒಂದು ಬಗೆಯ ದ್ರವ. ಅದಕ್ಕೆ ಗಾಳಿಯಲ್ಲಿನ ತೇವವನ್ನು ಹೀರುವ ಗುಣವುಂಟು. ಎರಡು ವರ್ಷ ಬದಲಿಸದೆ ಬಿಟ್ಟ ದ್ರವದಲ್ಲಿ ನೀರಿನ ಅಂಶ ಹೆಚ್ಚಿ, ಘಟ್ಟದ ಶಾಖಕ್ಕೆ ಅದು ಕುದಿದು ಆವಿಯ ಗುಳ್ಳೆಗಳಾದರೆ ಬ್ರೇಕಿನ ಹಿಡಿ ಬತ್ತಿದ ಕೆಚ್ಚಲಿನಂತೆ ಒತ್ತಿದಷ್ಟೂ ಒಳಗೆ ಹೋಗುತ್ತದೆ. ಗಾಡಿ ಮಾತ್ರ ನಿಲ್ಲುವುದಿಲ್ಲ. ಊರಿನ ಸಮತಟ್ಟು ರಸ್ತೆಯಲ್ಲಿ ಈ ದೋಷ ಎಂದೂ ಹೊರಬೀಳದು. ದ್ರವದ ಮಟ್ಟ ಮತ್ತು ಬಣ್ಣ, ಪ್ಯಾಡಿನ ದಪ್ಪ, ಡ್ರಮ್ ಬ್ರೇಕಾದರೆ ಹೊರಗಿನ ಬಾಣದ ಗುರುತು, ಇವಿಷ್ಟನ್ನು ನೋಡದೆ ಘಟ್ಟದ ದಾರಿ ಹಿಡಿಯಲಾಗದು.

ಹಳೆಯ ಎರಡು ಹೊಡೆತದ ಗಾಡಿಗಳ ಅಭಿಮಾನಿಗಳು ಇನ್ನೂ ಇದ್ದಾರೆ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಮೆರವಣಿಗೆಯನ್ನೂ ಹೊರಡಿಸುತ್ತಾರೆ. ಅವರಿಗೆ ಇಳಿಜಾರಿನಲ್ಲಿ ಬೇರೆಯೇ ಎಚ್ಚರ ಬೇಕು. ಇಂಜಿನ್ನಿಗೆ ಎಣ್ಣೆ ತಲುಪುವುದು ಪೆಟ್ರೋಲಿನೊಡನೆ. ಆಕ್ಸಿಲರೇಟರು ಪೂರ್ತಿ ಮುಚ್ಚಿ ಉದ್ದಕ್ಕೂ ಇಳಿದರೆ ಇಂಜಿನ್ನು ವೇಗವಾಗಿ ತಿರುಗುತ್ತಿದ್ದರೂ ಎಣ್ಣೆ ಸಿಗದೆ ಒಣಗುತ್ತದೆ. ಅದಕ್ಕಾಗಿ ಹಳಬರು ಇಳಿಯುವಾಗ ಆಗಾಗ ಕೊಂಚ ಆಕ್ಸಿಲರೇಟರು ತಿರುವುತ್ತಿದ್ದರು. ನೋಡುವವರಿಗೆ ಅದು ಹುಡುಗಾಟದಂತೆ ಕಾಣುತ್ತಿದ್ದಿತು. ಹಳೆಯ ಗಾಡಿಯವರು 2023ರಿಂದ ಹಂತ ಹಂತವಾಗಿ ಬಂದಿರುವ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲಿನ ಕಡೆಗೂ ಗಮನ ಕೊಡಬೇಕು. ಹಳೆಯ ರಬ್ಬರಿನ ಕೊಳವೆ, ಬಿರಡೆಗಳನ್ನು ಅದು ಬೇಗ ಕೆಡಿಸಬಲ್ಲದು. ಪ್ರಯಾಣಕ್ಕೆ ಮುನ್ನ ಪೆಟ್ರೋಲಿನ ಕೊಳವೆಗಳನ್ನು ಹೊಸದಾಗಿ ಹಾಕಿಸುವುದು ಕ್ಷೇಮ. ಎಥೆನಾಲಿನ ಕಚ್ಚಾ ಸಾಮಗ್ರಿಗಳಲ್ಲಿ ಹಾವೇರಿ ಜಿಲ್ಲೆಯ ರೈತರು ಹೇರಳವಾಗಿ ಬೆಳೆಯುವ ಗೋವಿನಜೋಳವೂ ಒಂದೆಂಬುದು ಇಲ್ಲಿ ಪ್ರಾಸಂಗಿಕವಾಗಿ ಹೇಳಬಹುದಾದ ಮಾತು.

ಹೊರೆ

ಒಂದು ಸಾಧಾರಣ 100-150 ಸಿ.ಸಿ. ಗಾಡಿ ಹೊರಬಹುದೆಂದು ತಯಾರಕರು ಹೇಳುವ ತೂಕ ಜನ ಮತ್ತು ಸಾಮಾನು ಸೇರಿ 130 ಕಿಲೋಗ್ರಾಮಿನ ಆಸುಪಾಸು. ಇಬ್ಬರು ಮೈತುಂಬಿದ ಗಂಡಸರು ಕುಳಿತರೆ ಆ ಲೆಕ್ಕ ಮುಗಿಯಿತು. ಚೀಲಕ್ಕೆ ಉಳಿಯುವುದು ಏನೂ ಇಲ್ಲ. ಡೇರಿಯ ಕ್ಯಾನುಗಳನ್ನು ಇದಕ್ಕಿಂತ ಹೆಚ್ಚು ತೂಕ ಹೊರಿಸುತ್ತಾರಲ್ಲಾ ಎಂದು ಕೇಳಬಹುದು. ಹೌದು, ಆದರೆ ಅದು ನಾಲ್ಕಾರು ಕಿಲೋಮೀಟರು, ಮೂವತ್ತರ ವೇಗದಲ್ಲಿ. ಜೊತೆಗೆ ಹಾಲಿನವನು ಕ್ಯಾನುಗಳನ್ನು ಎರಡೂ ಪಕ್ಕ ಸಮನಾಗಿ, ಕೆಳಮಟ್ಟದಲ್ಲಿ ತೂಗಿಬಿಡುತ್ತಾನೆ. ಪ್ರವಾಸಿಯಾದರೋ ಸೀಟಿನ ಹಿಂದೆ, ಹಿಂಗಾಲಿಯ ಅಚ್ಚಿಗಿಂತಲೂ ಆಚೆ, ಎತ್ತರವಾಗಿ ಚೀಲ ಪೇರಿಸುತ್ತಾನೆ. ಚಕ್ಕಡಿಗೆ ಹಿಂದೆ ಹೊರೆ ಹೆಚ್ಚಾದರೆ ನೊಗ ಮೇಲೇಳುವಂತೆ ಇಲ್ಲಿ ಮುಂಗಾಲಿ ಹಗುರವಾಗಿ, ವೇಗ ಹೆಚ್ಚಿದಾಗ ಹ್ಯಾಂಡಲು ನಡುಗತೊಡಗುತ್ತದೆ. ಭಾರವಾದುದು ಕೆಳಗೆ ಮತ್ತು ಮುಂದಕ್ಕೆ, ಹಗುರವಾದುದು ಮೇಲೆ: ಈ ವಿಷಯದಲ್ಲಿ ಹಾಲಿನವನೇ ಗುರು. ಕಟ್ಟುವುದಕ್ಕೂ ಅವನು ಬಳಸುವ ಹಳೆಯ ಟ್ಯೂಬಿನ ಪಟ್ಟಿಯೇ ಕೊಕ್ಕೆಯುಳ್ಳ ಅಂಗಡಿಯ ಹಗ್ಗಕ್ಕಿಂತ ಮೇಲು. ಕೊಕ್ಕೆ ಜಾರಿ ಕಣ್ಣಿಗೆ ಬಡಿಯುವ ಭಯವಿಲ್ಲ. ತುದಿಗಳು ಜೋತಾಡಿ ಚೈನಿಗೆ ಸಿಗದಂತೆ ಮಾತ್ರ ಗಂಟು ಹಾಕಬೇಕು. ಹಿಂದೆ ಕೂರುವವರ ಸೀರೆಯ ಸೆರಗು, ಶಾಲು, ಟವೆಲುಗಳ ವಿಷಯವೂ ಇದೇ. ಗಾಲಿಯ ಪಕ್ಕದ ಸೀರೆಗಾವಲನ್ನು ಅಂದಕ್ಕೆ ಅಡ್ಡಿಯೆಂದು ತೆಗೆಸುವವರು ಅದನ್ನು ಕಾನೂನೇ ಕಡ್ಡಾಯ ಮಾಡಿದೆಯೆಂಬುದನ್ನು ತಿಳಿದಿರಬೇಕು.

ಜೊತೆಗೊಯ್ಯುವ ಸಲಕರಣೆಗಳು ಕೆಲವೇ ಸಾಕು. ಗಾಡಿಯ ನಟ್ಟುಗಳಿಗೆ ಹೊಂದುವ ಪಾನಾಗಳು, ಪಕ್ಕಡ್, ಒಂದು ಪ್ಲಗ್ಗು, ಫ್ಯೂಸುಗಳು, ಕಟ್ಟುವ ತಂತಿ, ವಿದ್ಯುತ್ ಟೇಪು, ಬ್ಯಾಟರಿ ದೀಪ. ಹೊಸ ಕ್ಲಚ್ ಕೇಬಲನ್ನು ಚೀಲದಲ್ಲಿಡುವ ಬದಲು ಹಳೆಯ ಕೇಬಲಿನ ಪಕ್ಕದಲ್ಲಿಯೇ ಎಳೆದು ಟೇಪು ಸುತ್ತಿಟ್ಟರೆ, ಅದು ತುಂಡಾದಾಗ ಎರಡು ತುದಿ ಸಿಕ್ಕಿಸಿ ಐದು ನಿಮಿಷದಲ್ಲಿ ಹೊರಡಬಹುದು. ಹೆಚ್ಚುವರಿ ದೀಪ, ಜೋರು ಹಾರನ್ನು, ಮೊಬೈಲು ಚಾರ್ಜರುಗಳೆಂದು ಗಾಡಿಯ ವೈರುಗಳನ್ನು ಅಲ್ಲಲ್ಲಿ ಸೀಳಿ ಕೂಡಿಸುವ ಚಟ ಒಳ್ಳೆಯದಲ್ಲ. ಬೇಕೇ ಬೇಕೆಂದರೆ ಪ್ರತ್ಯೇಕ ಫ್ಯೂಸಿನೊಡನೆ ಬ್ಯಾಟರಿಯಿಂದಲೇ ತೆಗೆಯಬೇಕು.

ಸವಾರ

ಯಂತ್ರಕ್ಕೆ ಇಷ್ಟೆಲ್ಲ ಮಾಡಿ ತನ್ನನ್ನೇ ಮರೆಯುವ ಸವಾರರುಂಟು. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮೃತರಾದರು. ಅವರಲ್ಲಿ ಶೇಕಡಾ 44.5ರಷ್ಟು ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ ಇಲ್ಲದೆ ಸತ್ತವರ ಸಂಖ್ಯೆಯೇ 50,029, ಅವರೊಳಗೆ 14,337 ಮಂದಿ ಹಿಂದೆ ಕುಳಿತವರು. ಈ ಅಂಕಿಗಳ ಹಿಂದೆ ಎಷ್ಟು ಮನೆಗಳ ದೀಪ ಆರಿದೆಯೆಂಬುದನ್ನು ಹಳ್ಳಿಯ ಯಾವ ಉಪಾಧ್ಯಾಯರಿಗೂ ವಿವರಿಸಬೇಕಾಗಿಲ್ಲ; ಹಾಜರಿ ಪುಸ್ತಕದ ಹಳೆಯ ಹೆಸರುಗಳಲ್ಲಿ ಒಂದೆರಡು ಅವರಿಗೆ ನೆನಪಿದ್ದೇ ಇರುತ್ತವೆ. ಐ.ಎಸ್.ಐ. ಮುದ್ರೆಯ ಹೆಲ್ಮೆಟ್ ಇಬ್ಬರಿಗೂ ಇರಬೇಕು. ಗದ್ದದ ಪಟ್ಟಿ ಬಿಗಿಯಾಗಿರಬೇಕು. ಪಟ್ಟಿ ಕಟ್ಟದ ಹೆಲ್ಮೆಟ್ ತಲೆಗಿಂತ ಮೊದಲು ನೆಲ ಸೇರುತ್ತದೆ.

ದಿನಕ್ಕೆ ಎಷ್ಟು ದೂರ ಎಂಬ ಪ್ರಶ್ನೆಗೆ ತರುಣರ ಉತ್ತರ ಯಾವಾಗಲೂ ಹೆಚ್ಚಿನದೇ. ಸಾಮಾನ್ಯ ಗಾಡಿಯಲ್ಲಿ, ನಾಡಿನ ರಸ್ತೆಯಲ್ಲಿ, ಇಬ್ಬರು ಕುಳಿತು ದಿನಕ್ಕೆ 300 ಕಿಲೋಮೀಟರು ಸಾಕಷ್ಟಾಯಿತು. ಒಂದೂವರೆ ಗಂಟೆಗೊಮ್ಮೆ ಇಳಿದು, ನೀರು ಕುಡಿದು, ಹತ್ತು ನಿಮಿಷ ನಡೆದಾಡಬೇಕು. ಕತ್ತಲೆಗೆ ಮುನ್ನ ತಂಗುದಾಣ ಸೇರುವಂತೆ ಲೆಕ್ಕ ಹಾಕಬೇಕು. ಸುಗ್ಗಿಯ ದಿನಗಳಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು ಕತ್ತಲೆಯಲ್ಲಿ ಗೋಡೆಯಂತೆ ಎದುರಾಗುತ್ತವೆ. ರಸ್ತೆಯ ಅರ್ಧಕ್ಕೆ ಹರವಿದ ಗೋವಿನಜೋಳ, ಒಕ್ಕಲಿಗೆ ಹಾಸಿದ ಹುರುಳಿಯ ಸೊಪ್ಪು ಹಗಲಿನಲ್ಲಿಯೂ ಗಾಲಿಯನ್ನು ಜಾರಿಸುತ್ತವೆ. ಅಂಥಲ್ಲಿ ಬ್ರೇಕು ಹಿಡಿಯದೆ, ಹ್ಯಾಂಡಲು ತಿರುಗಿಸದೆ, ಮೊದಲೇ ವೇಗ ಇಳಿಸಿ ನೇರವಾಗಿ ದಾಟಬೇಕು. ಗಂಟೆಗೆ 60 ಕಿಲೋಮೀಟರಿನ ವೇಗದಲ್ಲಿ ಕಣ್ಣು ಕಂಡದ್ದನ್ನು ಕೈ ಅರಿತು ಬ್ರೇಕು ಹಿಡಿಯುವ ಒಂದು ಸೆಕೆಂಡಿನೊಳಗೇ ಗಾಡಿ 17 ಮೀಟರು ಮುಂದೆ ಹೋಗಿರುತ್ತದೆ.

ಪರೀಕ್ಷಾ ಸವಾರಿ

ಎಲ್ಲ ಕೆಲಸ ಮುಗಿದ ಮೇಲೆ, ಹೊರಡಲು ಇನ್ನೂ ಒಂದು ವಾರವಿರುವಾಗ, ಪ್ರಯಾಣಕ್ಕೆ ಒಯ್ಯುವ ಹೊರೆಯನ್ನೆಲ್ಲ ಕಟ್ಟಿ, ಹಿಂದೆ ಕೂರುವವರನ್ನೂ ಕೂರಿಸಿಕೊಂಡು ಒಂದು ಸುತ್ತು ಹಾಕಿ ಬರಬೇಕು. ಕಾಗಿನೆಲೆಯಿಂದ ಹಾವೇರಿಗೆ, ಅಲ್ಲಿಂದ 48ನೆಯ ರಾಷ್ಟ್ರೀಯ ಹೆದ್ದಾರಿ ಹಿಡಿದು ಮೋಟೆಬೆನ್ನೂರಿನ ಮೇಲೆ ರಾಣೆಬೆನ್ನೂರಿಗೆ, ಮರಳಿ ಬ್ಯಾಡಗಿಯ ದಾರಿಯಿಂದ ಕಾಗಿನೆಲೆಗೆ: ನೂರು ಕಿಲೋಮೀಟರಿನ ಆಸುಪಾಸಿನ ಈ ಸುತ್ತಿನಲ್ಲಿ ಹೆದ್ದಾರಿಯ ವೇಗವೂ ಹಳ್ಳಿಯ ಉಬ್ಬುತಗ್ಗುಗಳೂ ಎರಡೂ ಸಿಗುತ್ತವೆ. ಬಂದೊಡನೆ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ, ಇಂಜಿನ್ನಿನ ಕೆಳಗೆ ಹಳೆಯ ಪತ್ರಿಕೆಯ ಹಾಳೆ ಹಾಸಿಟ್ಟು ಊಟಕ್ಕೆ ಹೋಗಬೇಕು. ಹಾಳೆಯ ಮೇಲೆ ಹನಿ ಬಿದ್ದಿದ್ದರೆ ಎಲ್ಲಿಂದ ಬಿದ್ದಿತೆಂದು ಹುಡುಕಬೇಕು. ಗಾಲಿಯ ಅಚ್ಚುಗಳು, ಹ್ಯಾಂಡಲು, ಸೈಲೆನ್ಸರು, ಸಾಮಾನಿನ ಚೌಕಟ್ಟು, ನಂಬರು ಫಲಕಗಳ ನಟ್ಟುಗಳಿಗೆ ಒಂದೊಂದಾಗಿ ಪಾನಾ ಹಚ್ಚಿ ನೋಡಬೇಕು. ಹೊರೆಯ ಗಂಟು ಎಲ್ಲಿ ಸಡಿಲಿದೆ, ಹಿಂದಿನವರ ಮೊಣಕಾಲಿಗೆ ಯಾವ ಚೀಲ ತಾಗಿತು, ದೀಪದ ಬೆಳಕು ಹೊರೆಯಿಂದಾಗಿ ಆಕಾಶಕ್ಕೆ ಹೋಗುತ್ತಿದೆಯೆ ಎಂಬುದೆಲ್ಲ ಈ ಸುತ್ತಿನಲ್ಲಿಯೇ ತಿಳಿಯುವುದು.

ಒಂದು ಸಣ್ಣ ನೋಟುಬುಕ್ಕಿನಲ್ಲಿ ಆ ದಿನದ ಕಿಲೋಮೀಟರು, ತುಂಬಿಸಿದ ಪೆಟ್ರೋಲು, ಎಣ್ಣೆಯ ಮಟ್ಟ, ಎರಡೂ ಗಾಲಿಗಳ ಗಾಳಿ, ಚೈನಿನ ಸಡಿಲುಗಳನ್ನು ಬರೆದಿಡಬೇಕು. ಪೂರ್ತಿ ತುಂಬಿದ ಟ್ಯಾಂಕಿನಿಂದ ಹೊರಟು ಮತ್ತೆ ಪೂರ್ತಿ ತುಂಬಿಸಿದಾಗ ಹೊರೆ ಸಹಿತ ಗಾಡಿ ಲೀಟರಿಗೆ ಎಷ್ಟು ಓಡಿತೆಂಬ ನಿಜವಾದ ಲೆಕ್ಕ ಸಿಗುತ್ತದೆ; ಮಲೆನಾಡಿನಲ್ಲಿ ಮುಂದಿನ ಬಂಕು ಎಲ್ಲಿಯವರೆಗೆ ಕಾಯಬಹುದೆಂಬುದನ್ನು ಆ ಲೆಕ್ಕವೇ ಹೇಳುತ್ತದೆ. ಪ್ರಯಾಣದ ಪ್ರತಿ ಬೆಳಗ್ಗೆ, ಗಾಡಿ ತಣ್ಣಗಿರುವಾಗ, ಇವೇ ಐದು ಸಾಲುಗಳನ್ನು ಮತ್ತೆ ಬರೆದರೆ, ಹಿಂದಿನ ದಿನಕ್ಕೂ ಇಂದಿಗೂ ಇರುವ ವ್ಯತ್ಯಾಸ ಎದ್ದು ಕಾಣುತ್ತದೆ. ಎಣ್ಣೆ ಎರಡು ದಿನದಲ್ಲಿ ಗುರುತಿಗಿಂತ ಕೆಳಗಿಳಿದಿದ್ದರೆ, ಹಿಂಗಾಲಿಯ ಗಾಳಿ ರಾತ್ರಿಯೊಳಗೆ ನಾಲ್ಕು ಪೌಂಡು ತಗ್ಗಿದ್ದರೆ, ಮುಂದಿನ ಊರಿನ ಗ್ಯಾರೇಜು ತೆರೆಯುವವರೆಗೆ ಅಲ್ಲಿಯೇ ಕಾಯಬೇಕು.